ಗ್ಯಾಲ್‌ಇ ಕಿಣ್ವದೊಳಗೆ ಸಕ್ಕರೆ ಮಗ್ಗುಲು ಬದಲಿಸುವುದು ಹೇಗೆ?

ಪಾಷಾಣ್ ವಿದ್ಯಾರ್ಥಿನಿ, ಪುಣೆ:

ಹಿರಿಯರಿಗೆ ನಮಸ್ಕಾರ. ನಾನು ಜೀವರಸಾಯನಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿನಿ. ಮುಂದಿನ ವಾರದ ಸೆಮಿನಾರಿಗೆ ಇ. ಕೋಲಿ ಬ್ಯಾಕ್ಟೀರಿಯಾದ ಯುಡಿಪಿ-ಗ್ಯಾಲಕ್ಟೋಸ್ 4-ಎಪಿಮರೇಸ್, ಅಂದರೆ ಗ್ಯಾಲ್‌ಇ ಕಿಣ್ವವನ್ನು ಆರಿಸಿಕೊಂಡಿದ್ದೇನೆ. ಯುಡಿಪಿ ಎಂಬ, ಸಕ್ಕರೆಯನ್ನು ಹೊತ್ತಿರುವ ಅಣುವಿಗೆ ಅಂಟಿದ ಗ್ಯಾಲಕ್ಟೋಸನ್ನು ಗ್ಲೂಕೋಸ್ ಆಗಿಯೂ ಗ್ಲೂಕೋಸನ್ನು ಗ್ಯಾಲಕ್ಟೋಸ್ ಆಗಿಯೂ ಮಾರ್ಪಡಿಸುವುದು ಇದರ ಕೆಲಸವೆಂದೂ, ಆ ಎರಡರ ವ್ಯತ್ಯಾಸವೆಲ್ಲ ನಾಲ್ಕನೆಯ ಇಂಗಾಲದ ಹೈಡ್ರಾಕ್ಸಿಲ್ ಯಾವ ಕಡೆಗೆ ಮುಖ ಮಾಡಿದೆ ಎಂಬುದರಲ್ಲಿದೆಯೆಂದೂ ತಿಳಿದಿದೆ. ತೊಡಕಿರುವುದು ಅದರ ಮುಂದೆ. ಕಿಣ್ವದೊಳಗಿನ ಎನ್‌ಎಡಿ⁺ ಎಂಬ ಸಹಾಯಕ ಅಣು ಆ ಇಂಗಾಲದಿಂದ ಹೈಡ್ರೈಡನ್ನು (ಎರಡು ಎಲೆಕ್ಟ್ರಾನ್ ಹೊತ್ತ ಹೈಡ್ರೋಜನ್) ಕಿತ್ತುಕೊಂಡು ಎನ್‌ಎಡಿಎಚ್ ಆಗುತ್ತದೆ, ಬಳಿಕ ಅದನ್ನೇ ಹಿಂದಿರುಗಿಸುತ್ತದೆ ಎನ್ನುತ್ತಾರೆ. ಎನ್‌ಎಡಿಎಚ್ ಕದಲದೆ ಕುಳಿತಿರುವಾಗ ಹೈಡ್ರೈಡ್ ಹೊರಟ ಮುಖಕ್ಕೇ ಮರಳಬೇಕಲ್ಲವೇ? ಹಾಗಾದರೆ ಹಳೆಯ ಸಕ್ಕರೆಯೇ ಸಿಗುತ್ತದೆ. ಅಣುರಚನೆ ತೋರಿಸುವ ಪೈಮಾಲ್ ತಂತ್ರಾಂಶದಲ್ಲಿ ಈ ಕಿಣ್ವದ 1ಎಕ್ಸ್‌ಇಎಲ್ ಎಂಬ ರಚನಾ ಕಡತವನ್ನು ಎಷ್ಟು ತಿರುಗಿಸಿ ನೋಡಿದರೂ ಸಕ್ಕರೆಯ ಒಂದೇ ಭಂಗಿ ಕಾಣುತ್ತಿದೆ.

ಡೊಂಬಿವಲಿ ಮೇಷ್ಟ್ರು:

ಪ್ರಶ್ನೆ ಸರಿಯಾದ ಜಾಗಕ್ಕೇ ಕೈಹಾಕಿದೆಯಮ್ಮ. ರಚನೆಯ ವಿಚಾರವನ್ನು ಬಲ್ಲವರು ಹೇಳಲಿ. ರಸಾಯನಶಾಸ್ತ್ರದ ಲೆಕ್ಕವನ್ನು ನಾನು ಚುಕ್ತಾ ಮಾಡುತ್ತೇನೆ. 1970ರಲ್ಲಿ ನೊಬೆಲ್ ಪಡೆದ ಅರ್ಜೆಂಟೀನಾದ ಲೂಯಿಸ್ ಲೆಲ್ವಾರ್ ಈ ಕಿಣ್ವವನ್ನು ಗುರುತಿಸಿದ ಆರಂಭದ ದಿನಗಳಲ್ಲಿ, ಇಲ್ಲಿ ನಡೆಯುವುದು ವಾಲ್ಡನ್ ವಿಲೋಮ, ಅಂದರೆ ಒಂದು ಕಡೆಯ ಗುಂಪು ಕಳಚಿ ಎದುರು ಕಡೆಯಿಂದ ಹೊಸದು ಸೇರುವ ಕ್ರಿಯೆ, ಇರಬಹುದು ಎಂಬ ಊಹೆಯಿತ್ತು. ಉತ್ತರಪತ್ರಿಕೆಗಳಲ್ಲಿ ಅದನ್ನೇ ಬರೆಯುವವರು ಇಂದಿಗೂ ಸಿಗುತ್ತಾರೆ. ಹಾಗೆ ನಡೆಯಬೇಕಾದರೆ ಇಂಗಾಲ ಮತ್ತು ಆಮ್ಲಜನಕದ ಬಂಧ ಮುರಿದು, ನೀರಿನಿಂದ ಹೊಸ ಆಮ್ಲಜನಕ ಬಂದು ಸೇರಬೇಕು. ಆದರೆ ಗುರುತಿಗಾಗಿ ಭಾರದ ಐಸೊಟೋಪಾದ ಆಮ್ಲಜನಕ-18 ಇರುವ ನೀರಿನಲ್ಲಿ ಕಿಣ್ವವನ್ನು ದುಡಿಸಿದಾಗ ಆ ಗುರುತು ಸಕ್ಕರೆಯೊಳಗೆ ಬರಲಿಲ್ಲ, ನೀರಿನ ಹೈಡ್ರೋಜನ್ ಕೂಡ ನಾಲ್ಕನೆಯ ಇಂಗಾಲವನ್ನು ಸೇರಲಿಲ್ಲ. ಎಂದರೆ ಮುರಿಯುವುದು ಇಂಗಾಲ-ಹೈಡ್ರೋಜನ್ ಬಂಧ, ಮತ್ತು ಆ ಹೈಡ್ರೋಜನ್ ಕಿಣ್ವದ ಹೊಸ್ತಿಲು ದಾಟುವುದೇ ಇಲ್ಲ. ಹೈಡ್ರೈಡ್ ಹೋದ ಮೇಲೆ ಉಳಿಯುವುದು 4-ಕೀಟೋ ಸಕ್ಕರೆ, ಅಂದರೆ ನಾಲ್ಕನೆಯ ಇಂಗಾಲ ಆಮ್ಲಜನಕದೊಡನೆ ಜೋಡಿ ಬಂಧದಲ್ಲಿರುವ (ಕಾರ್ಬೊನಿಲ್) ಸಕ್ಕರೆ. ಅದರ ಕಾರ್ಬೊನಿಲ್ ಇಂಗಾಲ ಸಮತಟ್ಟಾದದ್ದು, ಯಾವ ಮುಖದಿಂದ ಬೇಕಾದರೂ ಹೈಡ್ರೈಡನ್ನು ಸ್ವೀಕರಿಸಬಲ್ಲದು. ಎನ್‌ಎಡಿಎಚ್ ಕದಲುವುದಿಲ್ಲವಾದರೆ ಕದಲಬೇಕಾದದ್ದು ಸಕ್ಕರೆಯೇ.

ಪವಾಯಿ ಪ್ರೋಟೀನ್:

ಮೇಷ್ಟ್ರು ನಿಲ್ಲಿಸಿದಲ್ಲಿಂದ ಮುಂದುವರಿಸುತ್ತೇನೆ. ವಿಸ್ಕಾನ್ಸಿನ್‌ನ ಹೇಜಲ್ ಹೋಲ್ಡನ್, ಪೆರಿ ಫ್ರೇ ಮತ್ತು ಸಂಗಡಿಗರು 1992ರಲ್ಲಿ ಇದರ ರಚನೆಯನ್ನು 2.5 ಆಂಗ್‌ಸ್ಟ್ರಾಂ ಸ್ಪಷ್ಟತೆಯಲ್ಲಿ ಪ್ರಕಟಿಸಿದರು. ತಲಾ 338 ಅಮೈನೋ ಆಮ್ಲಗಳ ಎರಡು ಸಮಾನ ಸರಪಳಿಗಳು ಜೋಡಿಯಾಗಿವೆ. ಪ್ರತಿಯೊಂದರ ದೊಡ್ಡ ಭಾಗದಲ್ಲಿರುವ ರಾಸ್ಮನ್ ಮಡಿಕೆ ಎಂಬ ಪ್ರೋಟೀನ್ ವಿನ್ಯಾಸ ಎನ್‌ಎಡಿ⁺ ಅನ್ನು ಬಿಡದೆ ಹಿಡಿದಿದೆ, ಚಿಕ್ಕ ಭಾಗದ ಕಡೆಗೆ ಯುಡಿಪಿ-ಸಕ್ಕರೆ ಬಂದು ಕೂರುತ್ತದೆ, ಎರಡರ ನಡುವಿನ ಸೀಳಿನಲ್ಲಿ ಕ್ರಿಯೆ ನಡೆಯುತ್ತದೆ. ಅಲ್ಲಿನ ಟೈರೋಸಿನ್-149ರ (ಸರಪಳಿಯ 149ನೆಯ ಸ್ಥಾನದ ಅಮೈನೋ ಆಮ್ಲ) ಮೇಲೆ ಕಣ್ಣಿಡಿ. ಸಾಮಾನ್ಯವಾಗಿ 10ರ ಆಸುಪಾಸಿನಲ್ಲಿರುವ ಅದರ ಪಿಕೆಎ (ಕಡಿಮೆಯಾದಷ್ಟೂ ಪ್ರೋಟಾನನ್ನು ಸುಲಭವಾಗಿ ಬಿಟ್ಟುಕೊಡುತ್ತದೆ ಎಂದು ಸೂಚಿಸುವ ಅಂಕೆ), ಪಕ್ಕದ ಲೈಸಿನ್-153 ಮತ್ತು ಎನ್‌ಎಡಿ⁺ಗಳ ಧನಾವೇಶದಿಂದಾಗಿ ಇಲ್ಲಿ ಸುಮಾರು 6ಕ್ಕೆ ಇಳಿಯುತ್ತದೆ. ಹೀಗಾಗಿ ಅದು ಪ್ರೋಟಾನ್ ಕಳೆದುಕೊಂಡು ಸಿದ್ಧವಾಗಿ ನಿಂತಿರುತ್ತದೆ. ಸೆರಿನ್-124ರ ನೆರವಿನಿಂದ ಹೈಡ್ರಾಕ್ಸಿಲ್‌ನ ಪ್ರೋಟಾನನ್ನು ಅದು ಎಳೆದುಕೊಳ್ಳುವಾಗ ಹೈಡ್ರೈಡ್ ಎನ್‌ಎಡಿ⁺ಯ ನಿಕೋಟಿನಮೈಡ್ ಉಂಗುರಕ್ಕೆ ಹಾರುತ್ತದೆ.

ಇನ್ನು ತಿರುಗುವ ಮಾತು. ಕಿಣ್ವ ಭದ್ರವಾಗಿ ಹಿಡಿಯುವುದು ಯುಡಿಪಿಯನ್ನು; ಸಕ್ಕರೆಯನ್ನು ಸಡಿಲವಾಗಿಯೇ ಬಿಟ್ಟಿದೆ. ನಮ್ಮ ಲೋಕಲ್ ರೈಲಿನಲ್ಲಿ ಮೇಲಿನ ಹಿಡಿಕೆಯನ್ನು ಬಿಡದೆಯೇ ಆಚೆ ಬಾಗಿಲಿನಿಂದ ಈಚೆ ಬಾಗಿಲಿಗೆ ಮುಖ ತಿರುಗಿಸುವವರ ಹಾಗೆ, ಫಾಸ್ಫೇಟಿನ ಬಂಧಗಳ ಸುತ್ತ ಕೀಟೋ ಸಕ್ಕರೆ ಮಗ್ಗುಲು ಬದಲಿಸಿ ಇನ್ನೊಂದು ಮುಖವನ್ನು ಎನ್‌ಎಡಿಎಚ್‌ಗೆ ಒಡ್ಡುತ್ತದೆ. ನೀವು ತೆರೆದಿರುವ 1ಎಕ್ಸ್‌ಇಎಲ್‌ನಲ್ಲಿ ಇದು ಕಾಣದಿರುವುದಕ್ಕೆ ಕಾರಣವಿದೆ: ಅದು ಎನ್‌ಎಡಿಎಚ್ ಜೊತೆ ಯುಡಿಪಿ-ಗ್ಲೂಕೋಸ್ ಸೇರಿದ, ಮುಂದಕ್ಕೆ ಸಾಗಲಾರದ ಸಂಕೀರ್ಣ. ಅದರ ಬದಲು, ಟೈರೋಸಿನ್-149 ಮತ್ತು ಸೆರಿನ್-124 ಎರಡನ್ನೂ ಬದಲಿಸಿದ ಕಿಣ್ವದಲ್ಲಿ ಎರಡೂ ಸಕ್ಕರೆಗಳನ್ನು ಬೇರೆಬೇರೆಯಾಗಿ ಕೂರಿಸಿ ಪಡೆದ 1ಎ9ವೈ ಮತ್ತು 1ಎ9ಝಡ್ ಕಡತಗಳನ್ನು ಒಂದರ ಮೇಲೊಂದು ಹೊಂದಿಸಿ. ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್‌ಗಳು ಎಷ್ಟು ಬೇರೆ ಭಂಗಿಗಳಲ್ಲಿ ಕುಳಿತಿವೆ ಎಂಬುದು ಕಣ್ಣಿಗೇ ಕಾಣುತ್ತದೆ.

ಪಾಷಾಣ್ ವಿದ್ಯಾರ್ಥಿನಿ, ಪುಣೆ:

ಧನ್ಯವಾದಗಳು ಸರ್. ಒಂದು ಅನುಮಾನ ಉಳಿದಿದೆ. ಸಡಿಲ ಹಿಡಿತವೇ ಉಪಾಯವಾದರೆ, ಇನ್ನಷ್ಟು ಸಡಿಲವಾದಷ್ಟೂ ಕಿಣ್ವ ಚುರುಕಾಗಬೇಕಲ್ಲವೇ?

ಪವಾಯಿ ಪ್ರೋಟೀನ್:

ಆಗುವುದಿಲ್ಲ. ಮನುಷ್ಯರಲ್ಲಿರುವ ಇದೇ ಕಿಣ್ವದ 94ನೆಯ ಸ್ಥಾನದ ವ್ಯಾಲಿನ್ ಹೋಗಿ ಮೆಥಿಯೋನಿನ್ ಬಂದರೆ ಗ್ಯಾಲಕ್ಟೋಸನ್ನು ದೇಹ ಸರಿಯಾಗಿ ಬಳಸಿಕೊಳ್ಳಲಾರದ ರೋಗವಾದ ಗ್ಯಾಲಕ್ಟೋಸೀಮಿಯಾದ ಮೂರನೆಯ ಬಗೆಯ ತೀವ್ರ ರೂಪ ಕಾಣಿಸಿಕೊಳ್ಳುತ್ತದೆ. ಆ ರೂಪಾಂತರದಲ್ಲಿ ಸಕ್ಕರೆಯ ಸುತ್ತ ಜಾಗ ಹೆಚ್ಚಾಗಿ, ಅದು ಕೆಲಸಕ್ಕೆ ಬಾರದ ಭಂಗಿಗಳಲ್ಲಿ ಹೊರಳುತ್ತಿರುತ್ತದೆ ಎಂಬುದು ರಚನೆಯಿಂದ ತಿಳಿದುಬಂದ ವಿವರಣೆ. ಜಾಗ ಕಡಿಮೆಯಾದರೂ ಕಷ್ಟವೇ: ಮನುಷ್ಯರ ಕಿಣ್ವ ಇನ್ನೂ ದೊಡ್ಡ ಸಕ್ಕರೆಯಿರುವ ಯುಡಿಪಿ-ಎನ್-ಅಸಿಟೈಲ್‌ಗ್ಲೂಕೋಸಮೈನನ್ನೂ ತಿರುಗಿಸಬಲ್ಲದು, ಇ. ಕೋಲಿಯದಕ್ಕೆ ಆಗದು. ಆದರೆ ಇ. ಕೋಲಿಯ ಟೈರೋಸಿನ್-299ರ ಜಾಗದಲ್ಲಿ ಚಿಕ್ಕದಾದ ಸಿಸ್ಟೀನನ್ನು ಇಟ್ಟಾಗ ಅದಕ್ಕೂ ಆ ಸಾಮರ್ಥ್ಯ ಬಂತು. ಸೆಮಿನಾರಿನಲ್ಲಿ ಯಾರಾದರೂ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ, ಒಂದು ಸ್ಲೈಡ್ ಮಾಡಿಟ್ಟುಕೊಳ್ಳಿ.