ಸಹಾಯ ಬೇಕು: 1834ರ ನಂತರದ ಸುಳ್ಯದ ಕಂದಾಯ ದಾಖಲೆ ಎಲ್ಲಿ ಸಿಗುತ್ತೆ?

ಎಲ್ಲರಿಗೂ ನಮಸ್ಕಾರ. ನಮ್ಮದು ಸುಳ್ಯದ ಹತ್ತಿರದ ಹಳ್ಳಿ. ಅಜ್ಜನ ಪೆಟ್ಟಿಗೆಯಲ್ಲಿ ಕೊಡಗು ಅರಸರ ಕಾಲದ ಶಿಸ್ತಿನ (ಅಂದರೆ ಜಮೀನಿನ ಕಂದಾಯ ಲೆಕ್ಕದ) ನಕಲು ಸಿಕ್ಕಿದೆ. ಅಂಚು ಗೆದ್ದಲು ತಿಂದಿದೆ. ಆದರೂ ಗದ್ದೆಯ ಹೆಸರು, ಕೊಡಬೇಕಾದ ಅಕ್ಕಿಯ ಲೆಕ್ಕ ಓದಬಹುದು. ನನಗೆ ಅದರ ನಂತರದ್ದು ಬೇಕು.

1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಕೊಡಗಿನ ಅರಸ ಚಿಕ್ಕವೀರರಾಜನನ್ನು ಇಳಿಸಿ ಕೊಡಗನ್ನು ವಶ ಮಾಡಿಕೊಂಡರು. ಅಮರಸುಳ್ಯ, ಪುತ್ತೂರಿನ ಮಾಗಣೆಗಳನ್ನು (ಹಳ್ಳಿಗಳ ಗುಂಪುಗಳನ್ನು) ಮಾತ್ರ ಬೇರ್ಪಡಿಸಿ ಮಂಗಳೂರಿನಲ್ಲಿದ್ದ ಕೆನರಾ ಜಿಲ್ಲೆಯ ಕಲೆಕ್ಟರ್ ಕೈಗೆ ಕೊಟ್ಟರು. ಧಾನ್ಯದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕೇಳಿದರು. 1837ರಲ್ಲಿ ಕಂಪನಿಯ ವಿರುದ್ಧ ಇಲ್ಲಿ ಎದ್ದ ದಂಗೆಗೆ ಇದೂ ಒಂದು ಕಾರಣ. ಅಕ್ಕಿ ಅಳೆದು ಕೊಟ್ಟು ರೂಢಿಯಾದವರ ಹತ್ತಿರ ದಿಢೀರ್ ಅಂತ ದುಡ್ಡು ಕೇಳಿದರೆ ಸುಮ್ನೆ ಇರ್ತಾರಾ?

ರೆಕಾರ್ಡ್ ರೂಮಿನಲ್ಲಿ ವಿಚಾರಿಸಿದೆ, ಅಷ್ಟು ಹಳೆಯದು ಇಲ್ಲ ಅಂದರು. ಒಂದು ಕಚೇರಿಯವರು ಮಡಿಕೇರಿ ಅಂತಾರೆ, ಇನ್ನೊಂದು ಕಡೆ ಮಂಗಳೂರು ಅಂತಾರೆ. ಗೊಂದಲ ಇಲ್ಲೇ. ಕೆನರಾ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಉಳಿದ ಕೊಡಗು ಮುಂದೆ ಬೆಂಗಳೂರಿನಲ್ಲಿದ್ದ ಮೈಸೂರು ಕಮಿಷನರ್ ಕೈಕೆಳಗೆ ಬಂತು.

ಹಾಗಾದರೆ ಈ ಮಾಗಣೆಗಳ 1834ರಿಂದ 1837ರವರೆಗಿನ ಕಂದಾಯದ ಕಡತಗಳನ್ನು ಚೆನ್ನೈ ಪತ್ರಾಗಾರದಲ್ಲಿ ಹುಡುಕಬೇಕಾ, ಬೆಂಗಳೂರಿನಲ್ಲಾ? ಯಾವ ಹೆಸರಿನ ಕಡತ ಕೇಳಬೇಕು ಅಂತಲೂ ಗೊತ್ತಿದ್ದವರು ತಿಳಿಸಿ.