ಬೆಳಕು ಮಿಣುಕುತ್ತದೆ, ಎತ್ತಿನ ಕಾಲು ಬಿರಿಯುತ್ತದೆ: ಮನೆಯಲ್ಲಿ ಮಾಡುತ್ತಿರುವ ಸ್ಟಾಪ್ ಮೋಷನ್ ಚಿತ್ರಕ್ಕೆ ಸಹಾಯ ಬೇಕು

ಮಾಳಮಡ್ಡಿಯ ಮಣ್ಣೆತ್ತು:

ಎಲ್ಲರಿಗೂ ನಮಸ್ಕಾರ. ನಾವು ಧಾರವಾಡದ ನಾಲ್ವರು ಗೆಳೆಯರು ಮಾಳಮಡ್ಡಿಯ ಹಳೆಯ ಮನೆಯೊಂದರ ಅಟ್ಟದಲ್ಲಿ ಒಂದೂವರೆ ನಿಮಿಷದ ಸ್ಟಾಪ್ ಮೋಷನ್ ಚಿತ್ರವನ್ನು (ಬೊಂಬೆಯನ್ನು ತುಸು ತುಸುವೇ ಸರಿಸಿ ಒಂದೊಂದು ಫೋಟೋ ತೆಗೆದು, ಅವನ್ನು ಜೋಡಿಸಿ ಓಡಿಸುವ ಚಿತ್ರ) ಮಾಡುತ್ತಿದ್ದೇವೆ. ಕಥೆ ಸರಳವಾದದ್ದು. ಮಣ್ಣೆತ್ತಿನ ಅಮಾವಾಸ್ಯೆಯ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ, ಪೂಜೆಗೆ ಇಟ್ಟ ಜೋಡೆತ್ತುಗಳು ಗ್ವಾದಲಿಯನ್ನು (ಮೇವು ಹಾಕುವ ತೊಟ್ಟಿಯನ್ನು) ಬಿಟ್ಟು ಜಗುಲಿಯಿಂದ ಇಳಿದು, ಹೋಳಿಗೆಯ ವಾಸನೆ ಹಿಡಿದು ಅಡುಗೆಮನೆಯತ್ತ ಹೊರಡುತ್ತವೆ. ಸೆಕೆಂಡಿಗೆ 12 ಚಿತ್ರಗಳಂತೆ ಒಟ್ಟು 1080 ಚಿತ್ರಗಳು ಬೇಕು. ಈವರೆಗೆ 212 ತೆಗೆದಿದ್ದೇವೆ.

ತೊಂದರೆ ಎರಡು. ಮೊದಲನೆಯದು, ತೆಗೆದ ಚಿತ್ರಗಳನ್ನು ಜೋಡಿಸಿ ಓಡಿಸಿದಾಗ ಇಡೀ ದೃಶ್ಯ ಹಳೆಯ ಟ್ಯೂಬ್‌ಲೈಟಿನಂತೆ ಮಿಣುಕುತ್ತದೆ, ಅಲ್ಲಲ್ಲಿ ಬಣ್ಣವೂ ನೀಲಿಗೆ ಅಥವಾ ಹಳದಿಗೆ ತಿರುಗುತ್ತದೆ. ಎರಡನೆಯದು, ಎತ್ತುಗಳನ್ನು ಎರಿ ಮಣ್ಣಿನಲ್ಲೇ (ಹೊಲದ ಕಪ್ಪು ಮಣ್ಣಿನಲ್ಲೇ) ಮಾಡಿದ್ದರಿಂದ ಇಪ್ಪತ್ತು ಮೂವತ್ತು ಚಿತ್ರಗಳಾಗುವಷ್ಟರಲ್ಲಿ ಕಾಲುಗಳು ಬಿರಿಯುತ್ತವೆ. ಒಳಗೆ ಮನೆಯ ವೈರಿಂಗಿನಿಂದ ಬಿಚ್ಚಿದ ತಾಮ್ರದ ತಂತಿ ಹಾಕಿ ನೋಡಿದೆವು, ಅದೂ ಮೊಣಕಾಲಿನಲ್ಲಿ ಮುರಿಯಿತು. ಬಲಗಡೆಯ ಎತ್ತಿಗೆ ಇದುವರೆಗೆ ಐದು ಕಾಲು ಬದಲಾಯಿಸಿದ್ದೇವೆ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉಣಕಲ್ ಕೆರೆ:

ಮಿಣುಕುವುದಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ತಂತ್ರಾಂಶದಲ್ಲಿ ಡಿಫ್ಲಿಕರ್ ಎಂಬ ಫಿಲ್ಟರ್ ಇದೆ. ಚಿತ್ರಗಳನ್ನೆಲ್ಲ ಅದರ ಮೂಲಕ ಹಾಯಿಸಿದರೆ ಬೆಳಕು ಸಮನಾಗುತ್ತದೆ. ಕಾಲಿನ ವಿಷಯ ನನಗೆ ಗೊತ್ತಿಲ್ಲ.

ಗದಗಿನ ಫೋಟೋದವ:

ಉಣಕಲ್ ಕೆರೆಯವರು ಹೇಳಿದ ಫಿಲ್ಟರ್ ನಿಜಕ್ಕೂ ಒಳ್ಳೆಯದು, ಆದರೆ ಅದನ್ನು ಕೊನೆಗೆ ಇಟ್ಟುಕೊಳ್ಳಿ. ಅದು ಅಕ್ಕಪಕ್ಕದ ಕೆಲವು ಚಿತ್ರಗಳ ಒಟ್ಟು ಹೊಳಪನ್ನು ಸರಾಸರಿ ಮಾಡಿ ಸಮಗೊಳಿಸುತ್ತದೆ, ಅಷ್ಟೇ. ಒಂದು ಮೂಲೆಯಲ್ಲಿ ಮಾತ್ರ ನೆರಳು ಬಿದ್ದಿದ್ದರೆ ಅಥವಾ ಬಣ್ಣವೇ ತಿರುಗಿದ್ದರೆ ಅದು ಏನೂ ಮಾಡಲಾರದು. ತಾವು ಬಣ್ಣವೂ ತಿರುಗುತ್ತದೆ ಎಂದಿರುವುದರಿಂದ ಕಾರಣ ಒಂದೇ ಅಲ್ಲ ಎಂದು ನನಗೆ ಅನಿಸುತ್ತದೆ. ಕ್ಯಾಮೆರಾ ಯಾವುದು, ಯಾವ ಮೋಡ್‌ನಲ್ಲಿ ತೆಗೆಯುತ್ತಿದ್ದೀರಿ, ಶಟರ್ ವೇಗ (ಒಂದು ಚಿತ್ರಕ್ಕೆ ಬೆಳಕು ಬೀಳುವ ಸಮಯ) ಎಷ್ಟು, ದೀಪ ಯಾವುದು, ಅಟ್ಟಕ್ಕೆ ಕಿಟಕಿ ಇದೆಯೇ ಎಂಬುದನ್ನು ತಿಳಿಸಿ. ಒಂದರ ಹಿಂದೊಂದು ಬರುವ ಮೂರು ಚಿತ್ರಗಳನ್ನೂ ಹಾಕಿ.

ಮಾಳಮಡ್ಡಿಯ ಮಣ್ಣೆತ್ತು:

ಕ್ಯಾಮೆರಾ ಎಂದರೆ ಫೋನು. ಪ್ರೊ ಮೋಡ್‌ನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಶಟರ್ 1/60 ಸೆಕೆಂಡು ಎಂದು ಕಟ್ಟಿದ್ದೇವೆ, ವೈಟ್ ಬ್ಯಾಲೆನ್ಸ್ (ದೀಪದ ಬಣ್ಣಕ್ಕೆ ತಕ್ಕಂತೆ ಚಿತ್ರದ ಬಣ್ಣ ಸರಿಮಾಡುವುದು) ಆಟೋದಲ್ಲಿಯೇ ಇದೆ. ಎರಡು ಎಲ್‌ಇಡಿ ಬಲ್ಬುಗಳಿವೆ. ಕಿಟಕಿ ಒಂದಿದೆ, ಅದಕ್ಕೆ ಹೊದಿಕೆ ಕಟ್ಟಿದ್ದೇವೆ. 96, 97 ಮತ್ತು 98ನೇ ಚಿತ್ರಗಳನ್ನು ಹಾಕಿದ್ದೇನೆ.

ಗದಗಿನ ಫೋಟೋದವ:

ಮೂರನ್ನೂ ದೊಡ್ಡದು ಮಾಡಿ ನೋಡಿದೆ. ಎತ್ತಿನ ಕಣ್ಣಿಗೆ ಗುಲಗಂಜಿ ಇಟ್ಟಿದ್ದೀರಿ, ಅದೇ ಸಾಕ್ಷಿ ಹೇಳಿಬಿಟ್ಟಿತು. ಗುಲಗಂಜಿಯ ನುಣುಪಾದ ಉಬ್ಬು ಮೈ ಪುಟ್ಟ ಉಬ್ಬುಗನ್ನಡಿಯಂತೆ ಕೆಲಸ ಮಾಡುವುದರಿಂದ, ಎದುರಿಗಿರುವ ಕೋಣೆಯೆಲ್ಲ ಅದರಲ್ಲಿ ಕಾಣುತ್ತದೆ. ಕೆಂಪಿನ ಮೇಲೆ ಎರಡು ಬಲ್ಬುಗಳ ಚುಕ್ಕೆಗಳು ಮೂರೂ ಚಿತ್ರಗಳಲ್ಲಿ ಒಂದೇ ಕಡೆ ಇವೆ. ಆದರೆ 96ರಲ್ಲಿ ಎಡಕ್ಕೆ ತೆಳುವಾದ ನೀಲಿ ಗೆರೆಯೊಂದಿದೆ, 98ರಲ್ಲಿ ಅದು ಮಾಯವಾಗಿದೆ. ನಿಮ್ಮ ಹೊದಿಕೆಯ ಸಂದಿಯಿಂದ ಹಗಲಿನ ಬೆಳಕು ಬರುತ್ತಿದೆ, ಮೋಡ ಬಂದಾಗ ಹೋಗುತ್ತಿದೆ. ಇನ್ನು 97ರಲ್ಲಿ ಮಾತ್ರ ಬಲಗಡೆ ದೊಡ್ಡ ಬಿಳಿಯ ಮಸುಕು ಇದೆ. ನಿಮ್ಮಲ್ಲಿ ಯಾರೋ ಒಬ್ಬರು ಬಿಳಿ ಅಂಗಿ ತೊಟ್ಟುಕೊಂಡು, ಎತ್ತನ್ನು ಸರಿಸಿದ ಮೇಲೆ ಹಿಂದೆ ಸರಿಯದೆ ಅಲ್ಲೇ ನಿಂತಿದ್ದಾರೆ. ಬಿಳಿ ಅಂಗಿ ಎಂದರೆ ಇನ್ನೊಂದು ದೀಪವಿದ್ದ ಹಾಗೆಯೇ.

ಇವಲ್ಲದೆ ಶಟರ್ ವೇಗವೂ ತಪ್ಪಾಗಿದೆ. ನಮ್ಮಲ್ಲಿ ಮನೆಗೆ ಬರುವ ವಿದ್ಯುತ್ತು 50 ಹರ್ಟ್ಜ್‌ನದು, ಪ್ರತಿ ಆವರ್ತಕ್ಕೆ ಎರಡು ಸಲದಂತೆ ಬಲ್ಬಿನ ಬೆಳಕು ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ. ಎಲ್ಲ ಎಲ್‌ಇಡಿಗಳಲ್ಲೂ ಇದು ಒಂದೇ ಪ್ರಮಾಣದಲ್ಲಿ ಇರುವುದಿಲ್ಲ, ಅಗ್ಗದ ಬಲ್ಬುಗಳಲ್ಲಿ ಹೆಚ್ಚು. 1/60 ಸೆಕೆಂಡಿನಲ್ಲಿ ಇಂತಹ ಏರಿಳಿತಗಳು ಒಂದೂ ಮುಕ್ಕಾಲಿಗೆ ಹತ್ತಿರದಷ್ಟು ಮಾತ್ರ ಹಿಡಿಸುತ್ತವೆ, ಆ ಅರೆಬರೆ ಭಾಗ ಒಮ್ಮೆ ಏರಿನಲ್ಲಿ ಸಿಕ್ಕರೆ ಇನ್ನೊಮ್ಮೆ ಇಳಿತದಲ್ಲಿ ಸಿಗುತ್ತದೆ. 1/50 ಇಟ್ಟರೆ ಸರಿಯಾಗಿ ಎರಡು, 1/25 ಇಟ್ಟರೆ ನಾಲ್ಕು ಪೂರ್ತಿ ಏರಿಳಿತಗಳು ಸಿಗುವುದರಿಂದ ಪ್ರತಿ ಚಿತ್ರಕ್ಕೂ ಅಷ್ಟೇ ಬೆಳಕು ಬೀಳುತ್ತದೆ. ಎತ್ತು ತಾನಾಗಿ ಅಲುಗಾಡುವುದಿಲ್ಲವಲ್ಲ, ಆದ್ದರಿಂದ ಫೋನನ್ನು ಗಟ್ಟಿಯಾಗಿ ಕಟ್ಟಿದ್ದರೆ 1/4 ಸೆಕೆಂಡಿಗೂ ಹೋಗಬಹುದು. ಅಷ್ಟು ಬೆಳಕು ಹೆಚ್ಚಾದರೆ ಬಲ್ಬನ್ನು ದೂರ ಸರಿಸಿ.

ವೈಟ್ ಬ್ಯಾಲೆನ್ಸನ್ನು ಆಟೋದಿಂದ ತೆಗೆದು ಒಂದು ಕೆಲ್ವಿನ್ ಅಂಕಿಗೆ (ಬೆಳಕಿನ ಬಣ್ಣದ ಅಳತೆ) ಕಟ್ಟಿರಿ, ಫೋಕಸ್ ಕೂಡ ಹಾಗೆಯೇ. ಎಚ್‌ಡಿಆರ್, ನೈಟ್ ಮೋಡ್, ದೃಶ್ಯ ನೋಡಿ ತಾನೇ ಬಣ್ಣ ತಿದ್ದುವ ಸೌಲಭ್ಯ, ಇವೆಲ್ಲ ಆಫ್ ಆಗಿರಬೇಕು. ಇವು ಪ್ರತಿ ಚಿತ್ರವನ್ನೂ ಬೇರೆ ಬೇರೆಯಾಗಿ "ಚಂದ" ಮಾಡುತ್ತವೆ, ನಮ್ಮ ಕೆಲಸಕ್ಕೆ ಆ ಚಂದವೇ ಶತ್ರು. ಪರದೆಯನ್ನು ಬೆರಳಿನಿಂದ ಒತ್ತಬೇಡಿ, ಫೋನು ಅಲುಗುತ್ತದೆ. ತಂತಿಯ ಇಯರ್‌ಫೋನಿನ ವಾಲ್ಯೂಮ್ ಗುಂಡಿ ಎಷ್ಟೋ ಫೋನುಗಳಲ್ಲಿ ಶಟರ್ ಆಗಿ ಕೆಲಸ ಮಾಡುತ್ತದೆ.

ಇಷ್ಟು ಮಾಡಿದ ಮೇಲೆ ಎತ್ತನ್ನು ಮುಟ್ಟದೆ ಒಂದು ಪರೀಕ್ಷೆ ಮಾಡಿ. ಒಬ್ಬರು ಮಾತ್ರ ಒಂದೇ ಜಾಗದಲ್ಲಿ ಕುಳಿತು 40 ಚಿತ್ರ ತೆಗೆಯಲಿ, ಆಮೇಲೆ ನಾಲ್ವರೂ ಎಂದಿನಂತೆ ಓಡಾಡುತ್ತ ಇನ್ನೊಂದು 40 ತೆಗೆಯಿರಿ. ಮೊದಲ ಕಂತು ಮಿಣುಕಿದರೆ ದೋಷ ಫೋನಿನದು, ದೀಪದ್ದು ಅಥವಾ ಕಿಟಕಿಯದು. ಎರಡನೆಯದು ಮಾತ್ರ ಮಿಣುಕಿದರೆ ದೋಷ ನಿಮ್ಮದು.

ಏಲಕ್ಕಿ ಹಾರ:

ನಾನು ಹಾವೇರಿಯವಳು, ಮಕ್ಕಳಿಗೆ ಬೊಂಬೆ ಮಾಡುವುದನ್ನು ಕಲಿಸುತ್ತೇನೆ, ಆದ್ದರಿಂದ ಕಾಲಿನ ವಿಷಯ ಹೇಳುತ್ತೇನೆ. ಎರಿ ಮಣ್ಣಿನ ಸ್ವಭಾವವೇ ಅದು ತಮ್ಮಾ. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಹೊಲದಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವ ಮಣ್ಣು, ಬಲ್ಬಿನ ಕೆಳಗೆ ಎತ್ತಿನ ಕಾಲಾಗಿ ನಿಂತರೂ ನೀರು ಆರಿದಂತೆ ಕುಗ್ಗಿ ಬಿರಿಯುತ್ತದೆ. ಪೂಜೆಯ ಎತ್ತು ಒಂದೇ ಕಡೆ ನಿಂತಿರುವುದರಿಂದ ಆ ಮಣ್ಣು ಸಾಕಾಗುತ್ತದೆ, ನಡೆಯುವ ಎತ್ತಿಗೆ ಸಾಲದು. ಒಣಗದ ಎಣ್ಣೆಯ ಕ್ಲೇ ತನ್ನಿ. ಕಪ್ಪು ಕ್ಲೇಗೆ ಸ್ವಲ್ಪ ಕಂದು ಕಲಸಿದರೆ ಎರಿ ಮಣ್ಣಿನ ಬಣ್ಣವೇ ಬರುತ್ತದೆ. ಕೊಳ್ಳುವಾಗ ಗಾಳಿಗೆ ಒಣಗಿ ಗಟ್ಟಿಯಾಗುವ ಜಾತಿಯದನ್ನು ತರಬೇಡಿ, ಪೊಟ್ಟಣಗಳು ನೋಡಲು ಒಂದೇ ತರಹ ಇರುತ್ತವೆ.

ಇಡೀ ಮೈಯನ್ನು ಕ್ಲೇಯಲ್ಲಿ ತುಂಬಿದರೆ ಭಾರಕ್ಕೆ ಕಾಲು ಕುಸಿಯುತ್ತದೆ. ಹೊಟ್ಟೆಯ ಭಾಗಕ್ಕೆ ಥರ್ಮೋಕೋಲ್ ಕೆತ್ತಿ, ಅದರ ಮೇಲೆ ಚಪಾತಿಯಷ್ಟು ತೆಳುವಾಗಿ ಲಟ್ಟಿಸಿದ ಕ್ಲೇ ಹೊದಿಸಿ. ತಾಮ್ರವನ್ನು ಒಂದೇ ಜಾಗದಲ್ಲಿ ಹಿಂದೆ ಮುಂದೆ ಬಗ್ಗಿಸುತ್ತ ಹೋದರೆ ಅದು ಬಿಗಿಯಾಗುತ್ತ ಹೋಗಿ ಕೊನೆಗೆ ಪಟ್ಟನೆ ಮುರಿಯುತ್ತದೆ. ಅಲ್ಯೂಮಿನಿಯಂ ತಂತಿ ಮೆತ್ತಗಿರುತ್ತದೆ, ಬಗ್ಗಿಸಿದ ಕಡೆಯೇ ನಿಲ್ಲುತ್ತದೆ. ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಕೇಳಿ ನೋಡಿ. ಸಿಗದಿದ್ದರೆ ಮನೆ ಕಟ್ಟುವವರು ಸರಳು ಬಿಗಿಯುವ ಬೈಂಡಿಂಗ್ ತಂತಿಯ ಮೂರು ಎಳೆಗಳನ್ನು ಹುರಿ ಮಾಡಿ ಹಾಕಿ. ಒಂದೇ ದಪ್ಪ ತಂತಿಗಿಂತ ಹುರಿ ಹೆಚ್ಚು ದಿನ ಬಾಳುತ್ತದೆ, ಕ್ಲೇ ಕೂಡ ಅದರ ಮೇಲೆ ಜಾರದೆ ಕೂರುತ್ತದೆ. ಆದರೂ ಒಂದು ದಿನ ಮುರಿಯುತ್ತದೆ ಎಂದೇ ತಿಳಿದು, ಅದೇ ಅಳತೆಯ ಎಂಟು ಕಾಲುಗಳನ್ನು ಮೊದಲೇ ಮಾಡಿ ಡಬ್ಬಿಯಲ್ಲಿ ಇಟ್ಟುಕೊಳ್ಳಿ.

ಗೊರಸಿನೊಳಗೆ ಚಿಕ್ಕ ಕಬ್ಬಿಣದ ವಾಷರ್ ಹುದುಗಿಸಿ, ನೆಲವನ್ನು ತೆಳುವಾದ ಪ್ಲೈವುಡ್ ಮೇಲೆ ಮಾಡಿ ಕೆಳಗಿನಿಂದ ಬಲವಾದ ಅಯಸ್ಕಾಂತ ಹಿಡಿಸಿದರೆ ಎತ್ತು ಬೀಳುವುದಿಲ್ಲ. ನಡಿಗೆಯಲ್ಲಿ ಹಿಂದಿನ ಎಡಗಾಲು, ಮುಂದಿನ ಎಡಗಾಲು, ಹಿಂದಿನ ಬಲಗಾಲು, ಮುಂದಿನ ಬಲಗಾಲು, ಈ ಕ್ರಮ ಹಿಡಿಯಿರಿ. ನಿಮ್ಮ ಮಾದರಿ ಚಿತ್ರಗಳಲ್ಲಿ ಎಡ ಮುಂಗಾಲೂ ಬಲ ಹಿಂಗಾಲೂ ಒಟ್ಟಿಗೆ ಏಳುತ್ತಿವೆ, ಅದು ಓಟದ ಲಯ. ಕದ್ದು ಹೋಗುವ ಎತ್ತು ಓಡಬಾರದು.

ಮಾಳಮಡ್ಡಿಯ ಮಣ್ಣೆತ್ತು (ಒಂಬತ್ತು ದಿನಗಳ ನಂತರ):

ಇಬ್ಬರಿಗೂ ಅನಂತ ಧನ್ಯವಾದಗಳು. ಪರೀಕ್ಷೆ ಮಾಡಿದೆವು. ಕಿಟಕಿಗೆ ಒಳಗಿನಿಂದ ಪೇಪರ್ ಅಂಟಿಸಿ, ಅದರ ಮೇಲೆ ಕರಿಯ ಕಂಬಳಿ ಕಟ್ಟಿ, ಶಟರನ್ನು 1/25ಕ್ಕೆ ತಂದು ಉಳಿದದ್ದನ್ನೆಲ್ಲ ಕಟ್ಟಿದ ಮೇಲೆ ಮೊದಲ 40 ಚಿತ್ರಗಳು ಒಂದೇ ಫೋಟೋ ಎಂಬಷ್ಟು ಸ್ಥಿರವಾಗಿ ಬಂದವು. ಎರಡನೆಯ ಕಂತು ಮಿಣುಕಿತು. ಬಿಳಿ ಅಂಗಿಯ ಗೆಳೆಯ ಮೊದಲು ಒಪ್ಪಲಿಲ್ಲ, ಗುಲಗಂಜಿಯಲ್ಲಿ ತನ್ನ ಅಂಗಿಯ ಗುಂಡಿಗಳನ್ನು ಕಂಡ ಮೇಲೆ ಸುಮ್ಮನಾದ. ಈಗ ನಾಲ್ವರೂ ಕಡುಬಣ್ಣದ ಬಟ್ಟೆ ತೊಟ್ಟು, ಗುಂಡಿ ಒತ್ತುವ ಮುನ್ನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿದ ಜಾಗಕ್ಕೆ ಹೋಗಿ ಕೂರುತ್ತೇವೆ.

ಅಕ್ಕನವರೇ, ತಾವು ಹೇಳಿದಂತೆ ಬೈಂಡಿಂಗ್ ತಂತಿಯ ಹುರಿ ಹಾಕಿದೆವು, ಒಂದು ಕಾಲೂ ಇನ್ನೂ ಮುರಿದಿಲ್ಲ. ಆದರೆ ಬೆಳಕು ಸ್ಥಿರವಾದ ಮೇಲೆ ಹೊಸದೊಂದು ಕಾಣುತ್ತಿದೆ: ಎತ್ತಿನ ಮೈ ಮಾತ್ರ ಸಣ್ಣಗೆ ಕುದಿಯುತ್ತಿರುವಂತೆ ತೋರುತ್ತದೆ. ಜೊತೆಗೆ 251ನೇ ಚಿತ್ರದಲ್ಲಿ ಇಡೀ ದೃಶ್ಯ ಒಮ್ಮೆಲೇ ಸ್ವಲ್ಪ ಮೇಲೆ ಜಿಗಿಯುತ್ತದೆ.

ಏಲಕ್ಕಿ ಹಾರ:

ಕುದಿಯುವುದು ನಿಮ್ಮ ಬೆರಳಿನ ಗುರುತುಗಳು. ಪ್ರತಿ ಸಲ ಮುಟ್ಟಿದಾಗಲೂ ಕ್ಲೇಯ ಮೇಲೆ ಹೊಸ ಗೆರೆಗಳು ಮೂಡುತ್ತವೆ. ಕಾಲನ್ನು ಗೊರಸಿನ ಹತ್ತಿರ ಮಾತ್ರ ಹಿಡಿದು ಬಗ್ಗಿಸಿ, ಬೆನ್ನನ್ನು ಮುಟ್ಟಲೇಬೇಡಿ. ಕ್ಲೇ ಬಹಳ ಮೆತ್ತಗಾಗಿದ್ದರೆ ಎತ್ತನ್ನು ಐದು ನಿಮಿಷ ಫ್ರಿಜ್‌ನಲ್ಲಿಟ್ಟು ತೆಗೆಯಿರಿ. ಆದರೆ ಪೂರ್ತಿ ಅಳಿಸಲು ಹೋಗಬೇಡಿ ಎಂಬುದು ನನ್ನ ಅಭಿಪ್ರಾಯ. ಕೈಯಲ್ಲಿ ಮಾಡಿದ ಮಣ್ಣೆತ್ತಿನ ಮೈಮೇಲೆ ಕೈಗುರುತು ಇದ್ದರೇನೇ ಚಂದ.

ಗದಗಿನ ಫೋಟೋದವ:

ಜಿಗಿತಕ್ಕೆ ಕಾರಣ ಅಟ್ಟದ ಕಟ್ಟಿಗೆಯ ನೆಲ ಎಂದು ನನ್ನ ಊಹೆ. ಒಬ್ಬರು ಕಾಲಿಟ್ಟರೂ ಹಲಗೆ ಬಗ್ಗುತ್ತದೆ, ಫೋನಿನ ಸ್ಟ್ಯಾಂಡ್ ಒಂದು ಹಲಗೆಯ ಮೇಲಿದ್ದು ದೃಶ್ಯ ಇನ್ನೊಂದರ ಮೇಲಿದ್ದರೆ ಎರಡೂ ಬೇರೆ ಬೇರೆಯಾಗಿ ಅಲುಗುತ್ತವೆ. ಎರಡನ್ನೂ ಒಂದೇ ಗಟ್ಟಿ ಮೇಜಿಗೆ ಬಿಗಿಯಿರಿ, ಆಗ ಅಲುಗಿದರೂ ಒಟ್ಟಿಗೆ ಅಲುಗುತ್ತವೆ. ಆಗಲೇ ಜಿಗಿದಿರುವ ಚಿತ್ರವನ್ನು ಮತ್ತೆ ತೆಗೆಯಬೇಕಾಗಿಲ್ಲ: ಎಡಿಟಿಂಗ್‌ನಲ್ಲಿ 251ರಿಂದ ಮುಂದಿನವುಗಳನ್ನು ಜಿಗಿದಷ್ಟೇ ಕೆಳಗೆ ಸರಿಸಿ, ಅಂಚಿನಲ್ಲಿ ಕಪ್ಪು ಕಾಣದ ಹಾಗೆ ಇಡೀ ದೃಶ್ಯವನ್ನು ತುಸು ದೊಡ್ಡದು ಮಾಡಿದರೆ ಆಯಿತು.

ಮಾಳಮಡ್ಡಿಯ ಮಣ್ಣೆತ್ತು:

ಊಹೆ ಸರಿಯಾಗಿತ್ತು. 251ನೇ ಚಿತ್ರದ ಹೊತ್ತಿಗೆ ಕೆಳಗಿನಿಂದ ಅವ್ವ ಚಹಾ ತಂದಿದ್ದರು. ಇನ್ನು ಮುಂದೆ ಚಹಾ ಏಣಿಯ ಕೆಳಗೇ ಇರುತ್ತದೆ. ಮೊದಲಿನ 212 ಚಿತ್ರಗಳನ್ನು ಡಿಫ್ಲಿಕರ್ ಹಾಕಿ ನೋಡಿದೆವು: ಬಣ್ಣ ತಿರುಗಿದವು ಸರಿಹೋಗಲಿಲ್ಲ, ಜಗುಲಿಯಿಂದ ಇಳಿಯುವ 60 ಚಿತ್ರಗಳು ಮಾತ್ರ ಬಳಸುವಂತಿವೆ. ಉಳಿದವನ್ನು ನಾಳೆಯಿಂದ ಮತ್ತೆ ತೆಗೆಯುತ್ತೇವೆ.