ಸಹಾಯ ಬೇಕು: ಕಾಂತಕ್ಷೇತ್ರದ ಪಾಠಕ್ಕೆ ವಿಆರ್ (ವರ್ಚುವಲ್ ರಿಯಾಲಿಟಿ) ದೃಶ್ಯ

ಎಲ್ಲರಿಗೂ ನಮಸ್ಕಾರ. ನಾನು ದ್ವಿತೀಯ ಪಿಯುಸಿ ವಿದ್ಯಾರ್ಥಿಗಳಿಗೆ ಭೌತಶಾಸ್ತ್ರ ಕಲಿಸುತ್ತೇನೆ. ಕಾಂತಕ್ಷೇತ್ರದೊಳಗೆ ಓರೆಯಾಗಿ ನುಗ್ಗಿದ ಎಲೆಕ್ಟ್ರಾನ್ ಸುರುಳಿ ಹಾದಿಯಲ್ಲಿ ಸಾಗುತ್ತದೆ. ಕ್ಷೇತ್ರಕ್ಕೆ ಲಂಬವಾದ ವೇಗದಿಂದ ಅದು ಸುತ್ತುತ್ತದೆ, ಸಮಾಂತರ ವೇಗ ಅದನ್ನು ಮುಂದಕ್ಕೆ ಒಯ್ಯುತ್ತದೆ. ಕಪ್ಪುಹಲಗೆಯ ಮೇಲೆ ಇದನ್ನು ಎಷ್ಟೇ ಚೆನ್ನಾಗಿ ಬರೆದರೂ ಮಕ್ಕಳಿಗೆ ಕಾಣುವುದು ಅಂಕುಡೊಂಕು ಗೆರೆ ಮಾತ್ರ. ಅವರು ಆ ಸುರುಳಿಯ ಒಳಗೆ ನಿಂತು ಸುತ್ತಲೂ ನೋಡಬೇಕು ಎಂಬುದು ನನ್ನ ಆಸೆ.

ದುಬಾರಿ ಹೆಡ್‌ಸೆಟ್ ಕೊಳ್ಳುವ ಶಕ್ತಿ ನಮ್ಮ ಕಾಲೇಜಿಗಿಲ್ಲ. ಹಾಗಾಗಿ ಮೊಬೈಲ್ ಇಡುವ ರಟ್ಟಿನ ಕನ್ನಡಕ ಬಳಸಿ, ಬ್ರೌಸರ್‌ನಲ್ಲೇ ತೆರೆಯುವಂತೆ ವಿಆರ್ ದೃಶ್ಯ ಕಟ್ಟುವ ಎ-ಫ್ರೇಮ್ ಎಂಬ ತಂತ್ರಾಂಶದಲ್ಲಿ ಕೆಲಸ ಮಾಡುತ್ತಿದ್ದೇನೆ. ಸುರುಳಿ ಸರಿಯಾಗಿ ಮೂಡಿದೆ, ತಲೆ ತಿರುಗಿಸಿದರೆ ನೋಟವೂ ತಿರುಗುತ್ತದೆ. ಆದರೆ ರಟ್ಟಿನ ಕನ್ನಡಕದಲ್ಲಿ ನಡೆದು ಸುರುಳಿಯ ಹತ್ತಿರ ಹೋಗಲಾಗದು. ಬಟನ್ ಇಲ್ಲದೆ, ನೋಟ ನೆಟ್ಟ ಕಡೆಗೆ ಸರಿಯುವಂತೆ ಮಾಡುವುದು ಹೇಗೆ? ಹಾಗೆ ಸರಿಸಿದಾಗ ತಲೆಸುತ್ತು ಬಾರದಿರಲು ಏನು ಮಾಡುತ್ತೀರಿ?

ಅದಕ್ಕಿಂತ ದೊಡ್ಡ ತೊಡಕು ಕನ್ನಡ ಅಕ್ಷರಗಳದ್ದು. ದೃಶ್ಯದೊಳಗೆ 'ಕ್ಷೇತ್ರ' ಎಂದು ಬರೆದರೆ ಒತ್ತಕ್ಷರಗಳು ಒಡೆದು ಚೆಲ್ಲಾಪಿಲ್ಲಿಯಾಗುತ್ತವೆ. ಪದಗಳನ್ನು ಚಿತ್ರವಾಗಿಸಿ ಅಂಟಿಸಬಹುದು, ಆದರೆ ಬದಲಾಗುವ ಅಂಕಿಗಳ ಜೊತೆ ಅದು ಹೊಂದುವುದಿಲ್ಲ. ಇಂಗ್ಲಿಷ್ ಹೆಸರುಗಳನ್ನೇ ಹಾಕಿ ಮುಗಿಸಲು ನನಗೆ ಮನಸ್ಸಿಲ್ಲ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳೇ ಈ ಪಾಠದಲ್ಲಿ ಹೆಚ್ಚು ತಡವರಿಸುವುದು.

ಗೈರೋಸ್ಕೋಪ್ (ಮೊಬೈಲ್ ತಿರುಗುವುದನ್ನು ಗುರುತಿಸುವ ಸಂವೇದಕ) ಇಲ್ಲದ ಅಗ್ಗದ ಮೊಬೈಲುಗಳಿಗೆ ಬೆರಳಿನಿಂದ ತಿರುಗಿಸುವ ವ್ಯವಸ್ಥೆ ಇಟ್ಟಿದ್ದೇನೆ, ಅದರ ಚಿಂತೆಯಿಲ್ಲ. ಕನ್ನಡ ಪಠ್ಯವನ್ನು ವಿಆರ್‌ನಲ್ಲಿ ಸರಿಯಾಗಿ ಮೂಡಿಸಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಕೆಲಸ ಮುಗಿದ ಮೇಲೆ ಇಡೀ ಕೋಡ್ ಅನ್ನು ಎಲ್ಲ ಶಿಕ್ಷಕರಿಗೂ ಉಚಿತವಾಗಿ ಕೊಡುತ್ತೇನೆ.